ಮನಶ್ಶಾಸ್ತ್ರದ ಪದವಿ ಮತ್ತು ಪ್ರಯೋಗಶಾಲೆ

“ಮನಶ್ಶಾಸ್ತ್ರ ಓದಿದರೆ ಎದುರಿಗಿರುವವರ ಮನಸ್ಸಿನಲ್ಲಿರುವುದು ತಿಳಿಯುತ್ತದೆಯೇ ಸಾರ್?” ಎಂದು ಬಿ.ಎ.ಗೆ ಸೇರಹೊರಟ ಮಕ್ಕಳು ಕೇಳುವುದುಂಟು. ಇಲ್ಲ, ತಿಳಿಯುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. (1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದವರೂ ಇವರೇ.) ಸ್ಪಿಯರ್‌ಮನ್ನರದು ಅಳತೆ, ಲೆಕ್ಕಾಚಾರಗಳ ಪರಂಪರೆ. ಇಂದಿನ ಪದವಿ ತರಗತಿಗಳಲ್ಲಿ ಅದೇ ಸೊರಗಬಾರದೆಂಬುದು ನನ್ನ ವಾದ.

ಮುಲ್ಲರ್-ಲೈಯರ್ ಭ್ರಮೆಯನ್ನೇ ನೋಡಿ. ಎರಡು ಗೆರೆಗಳು, ಒಂದರ ತುದಿಗಳಲ್ಲಿ ಬಾಣದ ರೆಕ್ಕೆಗಳು ಒಳಮುಖ, ಇನ್ನೊಂದರಲ್ಲಿ ಹೊರಮುಖ. ಎರಡೂ ಸಮವೆಂದು ಕಾಣುವವರೆಗೆ ಒಂದನ್ನು ಹೊಂದಿಸಿ ಅಳೆದರೆ ಮಿಲಿಮೀಟರುಗಳಷ್ಟು ತಪ್ಪು! ಗುಟ್ಟು ತಿಳಿದ ಮೇಲೂ ಕಣ್ಣು ಮೋಸಹೋಗುತ್ತದೆ. ತನ್ನ ಕಣ್ಣಿನ ತಪ್ಪನ್ನು ಹೀಗೆ ಇಪ್ಪತ್ತು ಸಲ ಬರೆದಿಟ್ಟುಕೊಂಡ ವಿದ್ಯಾರ್ಥಿ ಪರರ ಮನಸ್ಸಿನ ಬಗ್ಗೆ ಆತುರದ ತೀರ್ಪು ಕೊಡಲು ಹಿಂಜರಿಯುತ್ತಾನೆ.

ನೋಟ್ಸ್ ಉರುಹೊಡೆದು ಪಾಸಾಗಿ, ಮೂರೇ ವರ್ಷಗಳ ಓದಿನ ಬಲದಿಂದ ‘ಆಪ್ತ ಸಮಾಲೋಚಕ’ರೆಂಬ ಫಲಕ ತೂಗುಹಾಕುವವರನ್ನು ಕಂಡಾಗ ನನಗೆ ದಿಗಿಲಾಗುತ್ತದೆ. ಅವರ ಮುಂದೆ ಬಂದು ಕೂರುವವರು ನೊಂದ ಜನ. ಮಕ್ಕಳನ್ನು ಸೇರಿಸುವ ಮುನ್ನ ಪೋಷಕರು ಕಟ್ಟಡ ನೋಡುವುದಿರಲಿ, ಹಿಂದಿನ ವರ್ಷದ ಪ್ರಯೋಗದ ರೆಕಾರ್ಡ್ ಪುಸ್ತಕವೊಂದನ್ನು ತೋರಿಸಿರೆಂದು ಕೇಳಲಿ.