ಕಡಲಾಚೆಯ ಡಬ್ಬಿ, ಮನೆಯ ಲೆಕ್ಕ

ಪೇಟೆಯ ಕಾಲೇಜುಗಳಿಗೆ ಹೋಗುವ ನಮ್ಮ ಊರುಗಳ ಹುಡುಗ ಹುಡುಗಿಯರಲ್ಲಿ ಹೊಸದೊಂದು ಜಾಣತನ ಬಳಕೆಗೆ ಬಂದಿದೆ. ಕೊರಿಯಾದ ಮುಖಲೇಪ, ಜಪಾನಿನ ಸನ್‌ಸ್ಕ್ರೀನ್, ಅಮೆರಿಕದ ವಿಟಮಿನ್ ಸಿ ದ್ರವ ಮುಂತಾದವನ್ನು ಇಲ್ಲಿಯ ಅಂಗಡಿಯಲ್ಲಿ ಕೊಳ್ಳದೆ, ಆಯಾ ದೇಶದ ಅಂಗಡಿಯಿಂದಲೇ ತರಿಸಿಕೊಳ್ಳುವುದು. ಅಲ್ಲಿಯ ಅಂಗಡಿ ಭಾರತಕ್ಕೆ ಕಳುಹಿಸದಿದ್ದರೆ ನಡುವೆ ಒಂದು ಫಾರ್ವರ್ಡಿಂಗ್ ಸೇವೆಯನ್ನು ಹಿಡಿಯುತ್ತಾರೆ. ಆ ಸೇವೆ ಆ ದೇಶದಲ್ಲಿ ನಿಮಗೊಂದು ವಿಳಾಸ ಕೊಡುತ್ತದೆ, ಬಂದ ಸರಕನ್ನು ತನ್ನ ಗೋದಾಮಿನಲ್ಲಿ ಇಳಿಸಿಕೊಳ್ಳುತ್ತದೆ, ಹಲವು ಪೊಟ್ಟಣಗಳನ್ನು ಒಂದಾಗಿ ಕಟ್ಟಿ ವಿಮಾನಕ್ಕೆ ಹಾಕುತ್ತದೆ. ಅಮೆರಿಕದಲ್ಲಿ ಇಂಥ ಗೋದಾಮುಗಳು ಡೆಲವೇರ್, ಆರೆಗನ್‌ಗಳಂಥ ರಾಜ್ಯಗಳಲ್ಲಿ ಇರುವುದು ಆಕಸ್ಮಿಕವಲ್ಲ. ಅಲ್ಲಿ ಮಾರಾಟ ತೆರಿಗೆಯೇ ಇಲ್ಲ.

ಇದನ್ನು ಶೋಕಿ ಎಂದು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಕೊಳೆರೋಗಕ್ಕೆ ಅರ್ಧ ಫಸಲು ಒಪ್ಪಿಸಿ ಉಳಿದರ್ಧದಲ್ಲಿ ವರ್ಷ ನೂಕುವ ಮನೆಗಳಿಂದ ಬಂದ ಮಕ್ಕಳು ನಾಲ್ಕು ಕಾಸು ಉಳಿಸಲು ಹವಣಿಸಿದರೆ ಅದು ಮೆಚ್ಚಬೇಕಾದ ಗುಣವೇ. ನಮ್ಮ ಆಕ್ಷೇಪವಿರುವುದು ಉಳಿತಾಯದ ಬಗ್ಗೆ ಅಲ್ಲ, ಅರ್ಧಕ್ಕೇ ನಿಲ್ಲಿಸಿದ ಲೆಕ್ಕದ ಬಗ್ಗೆ.

ಮೊದಲು ತೂಕ. ವಿಮಾನ ಸಾಗಣೆಯಲ್ಲಿ ತೂಕವೆಂದರೆ ತಕ್ಕಡಿ ತೋರಿಸುವುದಷ್ಟೇ ಅಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವ ಪದ್ಧತಿ ಸಾಮಾನ್ಯ. 30, 20, 15 ಸೆಂಟಿಮೀಟರಿನ ಪೆಟ್ಟಿಗೆಯೊಳಗೆ 600 ಗ್ರಾಂ ಸರಕಿದ್ದರೂ ಹಣ ಕೊಡಬೇಕಾದುದು 1.8 ಕಿಲೋಗೆ. ಗಾಜಿನ ಶೀಶೆ ಒಡೆಯದಿರಲೆಂದು ತುಂಬಿದ ಗುಳ್ಳೆಕಾಗದದ ಬಾಡಿಗೆಯನ್ನೂ ನಾವೇ ತೆರುತ್ತೇವೆ.

ಆಮೇಲೆ ಸುಂಕ. ಹಿಂದೆ 5,000 ರೂಪಾಯಿವರೆಗಿನ ವಸ್ತು ಉಡುಗೊರೆಯಾಗಿ ಬಂದರೆ ಸುಂಕವಿರಲಿಲ್ಲ. ಆ ಸಂದಿಯಲ್ಲಿ ನುಸುಳಿದ ಪೊಟ್ಟಣಗಳಿಗೆ ಲೆಕ್ಕವಿಲ್ಲವೆಂದೇ 2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಿತು. ರಾಖಿ ಮತ್ತು ಜೀವರಕ್ಷಕ ಔಷಧಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಸುಂಕ ಬೀಳುವುದು ಕೇವಲ ವಸ್ತುವಿನ ಬೆಲೆಯ ಮೇಲಲ್ಲ. ವಿಮಾನದ ಸರಕಿಗೆ ಸಾಗಣೆಯ ವೆಚ್ಚವನ್ನು, ಬೆಲೆಯ ಶೇಕಡಾ 20ರ ಮಿತಿಯವರೆಗೆ, ಸೇರಿಸಿಯೇ ಮೌಲ್ಯ ಕಟ್ಟುತ್ತಾರೆ. ಅದರ ಮೇಲೆ ಆಮದು ಸುಂಕ. ಸುಂಕ ಸೇರಿದ ಮೊತ್ತದ ಮೇಲೆ ಮತ್ತೆ ಜಿಎಸ್‌ಟಿ.

ಇಲ್ಲಿ 4,000 ರೂಪಾಯಿ ಬೆಲೆಯ ಸರಕು ಅಲ್ಲಿ 2,400ಕ್ಕೆ ಸಿಗುತ್ತದೆಂದು ಇಟ್ಟುಕೊಳ್ಳೋಣ. ಉಳಿತಾಯ 1,600. ಸಾಗಣೆಗೆ 1,200 ಹೋದರೆ ಕೈಯಲ್ಲಿ ನಿಲ್ಲುವುದು 400. ವಿಮೆಯನ್ನು ಬಿಟ್ಟರೂ ಸುಂಕದ ಮೌಲ್ಯ 2,880 ಆಗುತ್ತದೆ. ಅದರ ಮೇಲೆ ಒಟ್ಟು ಶೇಕಡಾ 15 ಬಿದ್ದರೂ 432 ರೂಪಾಯಿ. ಎರಡು ತೆರಿಗೆಗಳೂ ಕೂಡಿದಾಗ ಹೊರೆ ಇದಕ್ಕಿಂತ ಹೆಚ್ಚೇ ಇರುತ್ತದೆ. ನಾಲ್ವರು ಸೇರಿ ಒಟ್ಟಿಗೆ ತರಿಸಿ ಸಾಗಣೆಯನ್ನು ಹಂಚಿಕೊಂಡರೆ ಒಂದಿಷ್ಟು ಉಳಿದೀತು, ಅದನ್ನು ಅಲ್ಲಗಳೆಯಲಾಗದು. ಆದರೆ ಹಲವರು ಹಿಡಿಯುವ ದಾರಿ ಬೇರೆ: ಬೆಲೆಯನ್ನು ಇಳಿಸಿ ಬರೆಯಿರಿ ಎಂದು ರವಾನೆಯವರಿಗೆ ಹೇಳುವುದು. ಇದು ಜಾಣತನವಲ್ಲ, ಸುಳ್ಳು ಘೋಷಣೆ. 1962ರ ಸೀಮಾಸುಂಕ ಕಾಯಿದೆಯಂತೆ ಅಂಥ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ದಂಡವನ್ನೂ ವಿಧಿಸಬಹುದು.

ಇಷ್ಟಕ್ಕೇ ಮುಗಿಯುವುದಾದರೆ ಇದನ್ನು ಸಂಪಾದಕೀಯದ ವಿಷಯವಾಗಿಸುವ ಅಗತ್ಯವಿರಲಿಲ್ಲ. ಒಂದೇ ಡಬ್ಬಿಗೆ ಇಲ್ಲೊಂದು ಬೆಲೆ, ಅಲ್ಲೊಂದು ಬೆಲೆ ಏಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಕಂಪನಿಗಳು ದೇಶ ನೋಡಿ ಬೆಲೆ ಕಟ್ಟುತ್ತವೆ, ಆಮದುದಾರ ತನ್ನ ಲಾಭ ಸೇರಿಸುತ್ತಾನೆ, ಇದು ಎಲ್ಲರಿಗೂ ಗೊತ್ತು. ಇನ್ನೊಂದು ಪಾಲು ನಮ್ಮ ರಕ್ಷಣೆಗೆಂದೇ ಇರುವ ಕಟ್ಟಳೆಯ ಖರ್ಚು. ಮಾರಾಟಕ್ಕೆಂದು ಆಮದಾಗುವ ಸೌಂದರ್ಯವರ್ಧಕವನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಬೇಕು, ಡಬ್ಬಿಯ ಮೇಲೆ ನೋಂದಣಿ ಸಂಖ್ಯೆಯೂ ಆಮದುದಾರನ ವಿಳಾಸವೂ ಇರಬೇಕು. ಸದ್ಯ 2020ರ ಸೌಂದರ್ಯವರ್ಧಕ ನಿಯಮಗಳು ಇದನ್ನು ವಿಧಿಸುತ್ತವೆ. ಮುಖ ಉರಿದರೆ ಯಾರ ಬಾಗಿಲು ತಟ್ಟಬೇಕೆಂಬುದಕ್ಕೆ ಉತ್ತರ ಆ ವಿಳಾಸ. ಫಾರ್ವರ್ಡಿಂಗ್ ಮೂಲಕ ಬಂದ ಡಬ್ಬಿಗೆ ಅದಿಲ್ಲ. ಅಂಗಡಿಯವನ ಹೊಣೆ ಆ ದೇಶದ ಗೋದಾಮಿನ ಬಾಗಿಲಿಗೇ ಮುಗಿಯುತ್ತದೆ; ರವಾನೆಯವನದು ಪೆಟ್ಟಿಗೆಯ ಹೊಣೆಯೇ ಹೊರತು ಒಳಗಿನ ಮುಲಾಮಿನದಲ್ಲ. ಅಷ್ಟರಲ್ಲಿ ವಿಟಮಿನ್ ಸಿ ದ್ರವ ಶಾಖಕ್ಕೂ ಗಾಳಿಗೂ ಸಿಕ್ಕಿ ಕಂದಿದ್ದರೆ ಅದನ್ನು ಹಿಂದಿರುಗಿಸುವ ದಾರಿಯೇ ಇಲ್ಲವೆನ್ನಬೇಕು.

ಹೆಸರಾಂತ ತಯಾರಕರ ವಸ್ತುಗಳಲ್ಲಿ ಈ ಅಪಾಯ ಸಣ್ಣದು. ನಿಜವಾದ ಗಂಡಾಂತರವಿರುವುದು ಅದೇ ಪೆಟ್ಟಿಗೆಯಲ್ಲಿ, ಅದೇ ಉಳಿತಾಯದ ನೆಪದಲ್ಲಿ ಸೇರಿಕೊಳ್ಳುವ ‘ಬಿಳುಪಿನ’ ಮುಲಾಮುಗಳಲ್ಲಿ.

ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ವಿಧದ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ಗಮನಿಸಿದರು. ಅವರಲ್ಲಿ 15 ಮಂದಿಯಲ್ಲಿ ಆ ರೋಗದ ಅಪರೂಪದ ಒಂದು ಬಗೆ ಕಂಡಿತು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಮುಲಾಮು ಬಳಸಿದವರು. ತಯಾರಕನ ವಿವರವೇ ಇಲ್ಲದ, ಹೊರದೇಶದ ಹೆಸರು ಹೊತ್ತ ಮುಲಾಮುಗಳೂ ಅವುಗಳಲ್ಲಿದ್ದವು. ಕಾರಣ ಪಾದರಸ. ಚರ್ಮದಲ್ಲಿ ಕಪ್ಪು ಬಣ್ಣ ಕಟ್ಟುವ ಕಿಣ್ವವನ್ನು ಪಾದರಸ ತಡೆಯುತ್ತದೆ, ಆದ್ದರಿಂದ ಕೆಲವೇ ವಾರಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಆದರೆ ಅದು ಚರ್ಮದಲ್ಲೇ ನಿಲ್ಲದೆ ರಕ್ತಕ್ಕಿಳಿದು ಮೂತ್ರಪಿಂಡದಲ್ಲಿ ಸಂಗ್ರಹವಾಗುತ್ತದೆ. ಹಚ್ಚಿಕೊಂಡವರ ಮೈಯಿಂದ, ಟವೆಲಿನಿಂದ ಏಳುವ ಆವಿ ಮನೆಯ ಕೂಸನ್ನೂ ಮುಟ್ಟುತ್ತದೆ. ನಮ್ಮ ನಿಯಮಗಳು ಪಾದರಸ ಬೆರೆಸುವುದನ್ನು ನಿಷೇಧಿಸಿ, ಅರಿಯದೆ ಸೇರಬಹುದಾದ ಅಂಶಕ್ಕೆ ಹತ್ತು ಲಕ್ಷದಲ್ಲಿ ಒಂದು ಭಾಗದ ಮಿತಿ ಹಾಕಿವೆ. ಕಣ್ಣಿನ ಪ್ರಸಾಧನಗಳಿಗೆ ಮಾತ್ರ ಮಿತಿ ಬೇರೆ. ಪಾದರಸದ ಕುರಿತ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಪಾದರಸ ಬೆರೆಸಿದ ಸೌಂದರ್ಯವರ್ಧಕಗಳನ್ನೆಲ್ಲ 2025ರೊಳಗೆ ನಿಲ್ಲಿಸಬೇಕೆಂದು 2023ರ ಜಿನೀವಾ ಸಮಾವೇಶದಲ್ಲಿ ದೇಶಗಳು ಒಪ್ಪಿಕೊಂಡವು. ಒಪ್ಪಂದವೇನೋ ಆಯಿತು, ಬಿಡಿಬಿಡಿ ಪೊಟ್ಟಣಗಳನ್ನು ಬಿಚ್ಚಿ ಪರೀಕ್ಷಿಸುವವರು ಯಾರು?

ಈ ಪಾದರಸ ಮುಖ ತೊಳೆದ ನೀರಿನೊಡನೆ ಬಚ್ಚಲಿನಿಂದ ತೋಟದ ಉದಿಗೆ, ಅಲ್ಲಿಂದ ಹಳ್ಳಕ್ಕೆ ಹೋಗುತ್ತದೆ. ಒಂದು ಡಬ್ಬಿಯಿಂದ ನಮ್ಮ ಹೊಳೆ ವಿಷವಾಯಿತೆಂದು ಬೊಬ್ಬೆಯಿಡುವುದು ವಿಜ್ಞಾನವಲ್ಲ. ಆದರೆ ಪಾದರಸ ಮೂಲಧಾತು; ಕೊಳೆತು ಮಾಯವಾಗುವುದಲ್ಲ. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಇನ್ನಷ್ಟು ಘಾತುಕ ರೂಪಕ್ಕೆ ತಿರುಗಿಸುತ್ತವೆ, ಆ ರೂಪದಲ್ಲಿ ಅದು ಮೀನಿನಲ್ಲಿ ಸೇರುತ್ತ ಹೋಗುತ್ತದೆ. ಹೊಳೆಗಳ ನೆತ್ತಿಯಲ್ಲಿ ಕುಳಿತವರಿಗೆ ಕೆಳಗಿನವರ ಕುಡಿಯುವ ನೀರಿನ ಬಗ್ಗೆ ಒಂದು ಹೆಚ್ಚಿನ ಹೊಣೆಯಿದೆಯೆಂದೇ ನಾವು ಇಷ್ಟು ವರ್ಷ ವಾದಿಸಿಕೊಂಡು ಬಂದಿದ್ದೇವೆ. ಆ ಮಾತು ಗಣಿಗೂ ಕಾರ್ಖಾನೆಗೂ ಮಾತ್ರ ಅನ್ವಯಿಸಿ ನಮ್ಮ ಬಚ್ಚಲಿಗೆ ಅನ್ವಯಿಸದಿದ್ದೀತೇ?

ಚಳಿಗಾಲದಲ್ಲಿ ಚರ್ಮ ಒಡೆಯುವುದು ನಿಜ, ಲೇಪ ಬೇಕೆಂಬುದೂ ನಿಜ. ಉತ್ತರ ಕನ್ನಡದ ಅಜ್ಜಿಯರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದ ಮುರುಗಲು ತುಪ್ಪ ಈಗ ದೊಡ್ಡ ಕಂಪನಿಗಳ ಲೇಪಗಳಲ್ಲಿ ‘ಕೋಕಂ ಬಟರ್’ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಿದೆ. ಬೀಜದ ತೂಕದಲ್ಲಿ ಹೆಚ್ಚು ಕಡಿಮೆ ಕಾಲುಭಾಗ ಕೊಬ್ಬು. ಸುಮಾರು 40 ಡಿಗ್ರಿ ಶಾಖಕ್ಕೆ ಕರಗುವುದರಿಂದ ಡಬ್ಬಿಯಲ್ಲಿ ಗಟ್ಟಿಯಾಗಿ ನಿಂತು, ಉಜ್ಜಿದರೆ ಮೈಗೆ ಹಿಡಿಯುತ್ತದೆ. ಒಣಗಿಸಿದ ಬೀಜ ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ್ದನ್ನು ಬಸಿದುಕೊಳ್ಳುವ ವಿದ್ಯೆ ಇನ್ನೂ ಕೆಲವು ಮನೆಗಳಲ್ಲಿದೆ. ಸಿಪ್ಪೆ ತೆಗೆದು ಬೀಜ ಎಸೆಯುವ ಮನೆಗಳೇ ಈಗ ಹೆಚ್ಚು. ಬೀಜವನ್ನು ಮಾರುವ ಬದಲು ತುಪ್ಪ ತೆಗೆದು ಮಾರಿದರೆ ಉಳಿತಾಯಕ್ಕಿಂತ ಗಳಿಕೆಯ ಮಾತನ್ನೇ ಆಡಬಹುದು. ಹಾಗೆಂದು ಮುರುಗಲು ತುಪ್ಪ ಸನ್‌ಸ್ಕ್ರೀನ್ ಆಗದು, ಮೊಡವೆಗೂ ಮದ್ದಲ್ಲ. ‘ನಮ್ಮದು’ ಎಂಬ ಒಂದೇ ಕಾರಣಕ್ಕೆ ಇಲ್ಲದ ಗುಣವನ್ನು ಹೇರುವುದು ಬೇಡ.

ವೈದ್ಯರು ಸೂಚಿಸಿದ ಲೇಪ ಇಲ್ಲಿ ಸಿಗದೆ ಹೊರಗಿನಿಂದ ತರಿಸುವವರು ತರಿಸಲಿ, ನಿಜಬೆಲೆ ಬರೆದು, ಸಾಗಣೆ ಸುಂಕಗಳನ್ನು ಮೊದಲೇ ಕೂಡಿಸಿ ನೋಡಿ. ತಯಾರಕನ ವಿಳಾಸ, ಘಟಕಾಂಶಗಳ ಪಟ್ಟಿ, ಬ್ಯಾಚ್ ಸಂಖ್ಯೆ ಇಲ್ಲದ ಬಿಳುಪಿನ ಮುಲಾಮನ್ನು ಮಾತ್ರ ಯಾವ ಬೆಲೆಗೂ ತರಿಸಬೇಡಿ. ಪಟ್ಟಿಯಲ್ಲಿ ಕ್ಯಾಲೊಮೆಲ್ ಎಂದಿದ್ದರೆ ಅದೂ ಪಾದರಸವೇ. ಅಂಥದು ಈಗಾಗಲೇ ಮನೆಯಲ್ಲಿದ್ದರೆ ಬಚ್ಚಲಿಗೆ ಸುರಿಯಬೇಡಿ, ಒಲೆಗೂ ಗೊಬ್ಬರದ ಗುಂಡಿಗೂ ಹಾಕಬೇಡಿ. ಮುಚ್ಚಳ ಬಿಗಿದು, ಚೀಲದಲ್ಲಿ ಸುತ್ತಿ, ಅಪಾಯಕಾರಿ ಕಸವೆಂದು ಹೇಳಿ ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಹಚ್ಚಿಕೊಂಡವರಿಗೆ ಕಾಲು ಊದಿದ್ದರೆ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಹೋಗುವಾಗ ಆ ಡಬ್ಬಿಯನ್ನೂ ಒಯ್ಯಿರಿ.