'ಜೋಮು' ಅಂದರೆ ಏನೆಂದು ತಿಳಿಯದ ವೈದ್ಯರಿಗೆ ನಮ್ಮ ಕಾಲು ಹೇಗೆ ಅರ್ಥವಾದೀತು?



ನಮ್ಮ ಮುತ್ತತ್ತಿ, ಹಲಗೂರು, ಮಳವಳ್ಳಿ ಕಡೆಯ ಜನಕ್ಕೆ ಕಾಲಿನ ತೊಂದರೆ ಹೇಳಲು ಎಷ್ಟು ಮಾತುಗಳಿವೆ ಗೊತ್ತೇ? 'ಜೋಮು ಹಿಡಿದದೆ', 'ಇರುವೆ ಹರಿದಂಗಾಯ್ತದೆ', 'ರಾತ್ರಿಯೆಲ್ಲ ಅಂಗಾಲು ಉರೀತದೆ', 'ಹತ್ತಿ ಮೇಲೆ ನಡೆದಂಗಾಯ್ತದೆ', 'ಪಾದ ಮರಗಟ್ಟೋಗದೆ'. ಇವೆಲ್ಲ ಒಂದೇ ಅಲ್ಲ. ಒಂದೊಂದು ಮಾತೂ ವೈದ್ಯರಿಗೆ ದಾರಿ ತೋರಿಸುವ ಕೈಮರ. ಆದರೆ ಕನ್ನಡ ಬಾರದ ವೈದ್ಯರ ಮುಂದೆ ಕೂತಾಗ ಎಲ್ಲವೂ ಸೇರಿ 'ಲೆಗ್ ಪೇನ್' ಆಗಿಬಿಡುತ್ತದೆ. ನೋವೇ ಗೊತ್ತಾಗದ ಕಾಲಿಗೆ ನೋವಿನ ಮಾತ್ರೆ! ಇದೆಂಥ ನ್ಯಾಯ?

ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಬರುವ ಜೋಮು ನಿಮಿಷದಲ್ಲಿ ಹೋಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ವಾರಗಟ್ಟಲೆ ಹೋಗದ ಜೋಮಿನ ಕಥೆ ಬೇರೆ. ಎರಡೂ ಪಾದದ ಬೆರಳಿನಿಂದ ಶುರುವಾಗಿ ಮೇಲೇರುವ ಉರಿ, ಜೋಮು ಇದ್ದರೆ ಮೊದಲು ನೋಡಬೇಕಾದ್ದು ಸಕ್ಕರೆ ಕಾಯಿಲೆ. ಹತ್ತಿ ಮೇಲೆ ನಡೆದಂತಾಗಿ, ಮುಖ ತೊಳೆಯಲು ಕಣ್ಣು ಮುಚ್ಚಿದರೆ ಓಲಾಡುವಂತಾದರೆ ಬಿ-12 ಜೀವಸತ್ವದ ಕೊರತೆ ಇರಬಹುದು. ಅದು ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಬರೀ ಮುದ್ದೆ, ಸೊಪ್ಪಿನ ಸಾರಿನಲ್ಲಿ ಸಿಗುವುದಿಲ್ಲ. ಬಹಳ ವರ್ಷ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲೂ ಅದು ಕಡಿಮೆಯಾಗಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಸೊಂಟದಿಂದ ಒಂದೇ ಕಾಲಿಗೆ ಇಳಿದರೆ ಬೆನ್ನುಮೂಳೆಯ ನಡುವೆ ನರ ಒತ್ತಿರಬಹುದು. ತಿಳಿಬಣ್ಣದ ಮಚ್ಚೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠದ ಪರೀಕ್ಷೆಯಾಗಬೇಕು. ನಾಚಿಕೆ ಬೇಡ! ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ದಿನಾ ಕುಡಿಯುವವರ ನರವೂ ಹಾಳಾಗುತ್ತದೆ.

'ಕಾಲು ತಾನೇ, ವಯಸ್ಸಾಯ್ತು, ವಾಯು' ಎಂದು ಎಣ್ಣೆ ತಿಕ್ಕಿಕೊಂಡು ಕೂತರೆ ಏನಾಗುತ್ತದೆ? ಬೇಸಿಗೆಯಲ್ಲಿ ಮುತ್ತತ್ತಿರಾಯನ ದರ್ಶನಕ್ಕೆ ಬಂದವರು ಹೊಳೆದಡದ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. ಜೀವವಿರುವ ಪಾದ ಚುರುಕ್ ಎಂದು ಹಿಂದಕ್ಕೆ ಬರುತ್ತದೆ. ಮರಗಟ್ಟಿದ ಪಾದ ಸುಟ್ಟರೂ ಸುಮ್ಮನಿರುತ್ತದೆ. ಬೊಬ್ಬೆ ಹುಣ್ಣಾಗುತ್ತದೆ, ಹುಣ್ಣು ಕೊಳೆಯುತ್ತದೆ, ಕೊನೆಗೆ ಬೆರಳೋ ಪಾದವೋ ಹೋಗುತ್ತದೆ. ಮುತ್ತತ್ತಿ ಇರುವುದು ಕಾವೇರಿ ವನ್ಯಧಾಮದ ಒಳಗೆ. ಕಾಡುದಾರಿ ದಾಟಿ ಹಲಗೂರು, ಅಲ್ಲಿಂದ ಮಳವಳ್ಳಿ, ಅದೂ ಸಾಲದಿದ್ದರೆ ಮಂಡ್ಯ. ಅಷ್ಟು ದೂರ ಹೋದವರ ಮಾತು ಅಲ್ಲಿ ಯಾರಿಗೂ ತಿಳಿಯದಿದ್ದರೆ ಹೋಗಿ ಏನು ಫಲ?

ನರದ ಪರೀಕ್ಷೆ ನಡೆಯುವುದೇ ಮಾತಿನಿಂದ. ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿ 'ಗೊತ್ತಾಯ್ತಾ?' ಎಂದು ಕೇಳಬೇಕು. 128 ಹರ್ಟ್ಸ್ ಶ್ರುತಿಕವೆಯನ್ನು ಮಿಡಿದು ಹೆಬ್ಬೆರಳಿಗಿಟ್ಟು 'ಅದುರ್ತಾ ಇದೆಯಾ? ಈಗ ನಿಂತಿತಾ?' ಎಂದು ಕೇಳಬೇಕು. ಉತ್ತರ ಕೊಡಬೇಕಾದವಳು ನಮ್ಮ ಅವ್ವ. ಪ್ರಶ್ನೆಯೇ ತಿಳಿಯದಿದ್ದರೆ ಅವಳು ಏನೆಂದಾಳು? ಸುಮ್ಮನೆ ತಲೆಯಾಡಿಸುತ್ತಾಳೆ. ಆಸ್ಪತ್ರೆಯಲ್ಲಿ ಕನ್ನಡ ಬೇಕೆನ್ನುವುದು ಬಾವುಟದ ಮಾತಲ್ಲ ಸ್ವಾಮಿ, ಚಿಕಿತ್ಸೆಯ ಮಾತು!

ನಾನು ಮುದ್ರಣಾಲಯ ಇಟ್ಟುಕೊಂಡವನು. ಆಸ್ಪತ್ರೆ, ಕ್ಲಿನಿಕ್ಕುಗಳ ಚೀಟಿ ಪುಸ್ತಕ ಅಚ್ಚು ಹಾಕಿಕೊಡುತ್ತೇನೆ. ಹೆಸರು, ವಯಸ್ಸು, ತೊಂದರೆ ಎಲ್ಲವೂ ಇಂಗ್ಲಿಷಿನಲ್ಲಿ. 'ಕನ್ನಡವನ್ನೂ ಸೇರಿಸಲೇ, ಹೆಚ್ಚಿಗೆ ಕಾಸು ಬೇಡ' ಎಂದರೆ 'ಜಾಗ ಸಾಲದು' ಎನ್ನುತ್ತಾರೆ. ಬೋರ್ಡಿನ ಮೇಲೆ ಜಾಗವಿದೆ, ಬಿಲ್ಲಿನ ಮೇಲೆ ಜಾಗವಿದೆ, ರೋಗಿಯ ಭಾಷೆಗೆ ಮಾತ್ರ ಜಾಗವಿಲ್ಲವೇ?

ಕನ್ನಡದಲ್ಲಿ ವೈದ್ಯಕೀಯ ಸಾಧ್ಯವಿಲ್ಲ ಎನ್ನುವವರು ಡಾ. ಪಿ.ಎಸ್. ಶಂಕರ್, ಡಾ. ಸಿ.ಆರ್. ಚಂದ್ರಶೇಖರ್ ಬರೆದ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಲಿ. 2019ರಲ್ಲಿ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಆರಂಭದ ಪಾಠಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಕನ್ನಡದಲ್ಲೇ ಔಷಧಿ ಚೀಟಿ ಬರೆಯುವಂತೆ ಮಾಡಬೇಕೆಂದು ಆರೋಗ್ಯ ಸಚಿವರನ್ನು ಕೋರಿದರು. ಕಾಗದದ ಮೇಲಿನ ಈ ಮಾತುಗಳನ್ನು ಪರೀಕ್ಷೆಯ ಮೇಜಿನವರೆಗೆ ತರಬೇಕಾದವರು ನಾವು.

ಬೆಂಗಳೂರು, ಮೈಸೂರಿನಲ್ಲಿ ದುಡಿಯುತ್ತಿರುವ ತಮ್ಮಂದಿರೇ, ತಂಗಿಯರೇ! ಊರಿನಿಂದ ಅಪ್ಪ ಅವ್ವ ಫೋನಿನಲ್ಲಿ 'ಕಾಲು ಜೋಮು ಕಣಪ್ಪಾ' ಎಂದರೆ ಮಾತು ತೇಲಿಸಬೇಡಿ. ಎಂದಿನಿಂದ? ಒಂದು ಕಾಲೋ ಎರಡೋ? ಪಾದದಲ್ಲಿ ಗಾಯವಿದೆಯೇ? ಕೇಳಿ ಬರೆದುಕೊಳ್ಳಿ. ಜೊತೆಗೆ ಹೋಗಿ, ಅವರ ಮಾತನ್ನು ಅವರ ಬಾಯಲ್ಲೇ ಹೇಳಿಸಿ. ಸಕ್ಕರೆ, ಬಿ-12 ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಮಾತ್ರೆ ಯಾವಾಗ, ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಮಾತು. ಇದ್ದಕ್ಕಿದ್ದಂತೆ ಒಂದು ಪಕ್ಕದ ಕೈಕಾಲು ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ, ಮಲಮೂತ್ರದ ಹಿಡಿತ ತಪ್ಪಿ ತೊಡೆಸಂದು ಮರಗಟ್ಟಿದರೆ, ಕಾಲಿನ ಶಕ್ತಿ ದಿನದಿನಕ್ಕೆ ಉಡುಗಿ ಮೇಲೇರಿದರೆ ನಾಳೆ ಎನ್ನಬೇಡಿ. ಆ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಿ!