ಟವರ್ ಹೋಯ್ತು, ಸರಿ... ಅದರ ಜಾಗಕ್ಕೆ ಏನು ಬಂತು?

ನಮ್ಮ ದೇಶದಲ್ಲಿ ಅನಲಾಗ್ ಟಿವಿ ಯಾವಾಗ ಸತ್ತಿತು ಅಂತ ನಿಮಗೆ ಗೊತ್ತಾ? ನಿಜ ಹೇಳಿ. ಆಫೀಸಿನಲ್ಲಿ ನಾಲ್ಕೈದು ಜನರನ್ನು ಕೇಳಿದೆ, ಎಲ್ಲರೂ ಇಂಜಿನಿಯರಿಂಗ್ ಓದಿದವರೇ. "ಅದು ಇನ್ನೂ ಇತ್ತಾ?" ಅಂತ ನನ್ನನ್ನೇ ತಿರುಗಿ ಕೇಳಿದರು :)

ಇತ್ತು ಸ್ವಾಮಿ! 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಶುರುವಾದ ಪ್ರಸಾರ ಮೊನ್ನೆ ಮೊನ್ನೆಯವರೆಗೂ ಇತ್ತು. 2021ರ ಅಕ್ಟೋಬರ್‌ನಲ್ಲಿ ಪ್ರಸಾರ ಭಾರತಿ ಒಂದು ಹೇಳಿಕೆ ಕೊಟ್ಟಿತು. ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50 ಟ್ರಾನ್ಸ್‌ಮಿಟರ್‌ಗಳನ್ನು ಬಿಟ್ಟು ಉಳಿದೆಲ್ಲ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಕೆಲವೇ ತಿಂಗಳಲ್ಲಿ ಮುಚ್ಚುತ್ತೇವೆ, ಇದರಿಂದ ಕರೆಂಟ್ ಖರ್ಚು ಉಳಿಯುತ್ತೆ, 5ಜಿಯಂಥ ಹೊಸ ತಂತ್ರಜ್ಞಾನಕ್ಕೆ ಸ್ಪೆಕ್ಟ್ರಂ ಸಿಗುತ್ತೆ ಅಂತ. ಅಷ್ಟೇ. ಕೌಂಟ್‌ಡೌನ್ ಇಲ್ಲ, ಬೀಳ್ಕೊಡುಗೆ ಇಲ್ಲ.

ಆಗ ಸ್ವಲ್ಪ ಗಲಾಟೆ ಆಗಿದ್ದು ನಮ್ಮ ಕಲಬುರಗಿಯ ವಿಷಯದಲ್ಲಿ. ದೂರದರ್ಶನ ಕೇಂದ್ರವನ್ನೇ ಮುಚ್ಚುತ್ತಾರೆ ಅಂತ ಸುದ್ದಿ ಹಬ್ಬಿತು. ಕೇಂದ್ರ ಮುಚ್ಚಲ್ಲ, ಅಲ್ಲಿ ಕಾರ್ಯಕ್ರಮ ತಯಾರಾಗುತ್ತೆ, ರಾಜ್ಯದ ಚಾನೆಲ್‌ನಲ್ಲಿ ಮತ್ತು ಯೂಟ್ಯೂಬ್‌ನಲ್ಲಿ ಬರುತ್ತೆ ಅಂತ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಎಲ್ಲರೂ ಸಮಾಧಾನ ಮಾಡಿಕೊಂಡು ಸುಮ್ಮನಾದರು. ನನಗೆ ಮಾತ್ರ ಸಮಾಧಾನ ಆಗಿಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಹಳ್ಳಿಗಳು ಟಿವಿ ನೋಡಿದ್ದವು! 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ 'ಸೈಟ್' ಅನ್ನೋ ಪ್ರಯೋಗ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು ಇಸ್ರೋದವರು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಕಳಿಸಿದರು. ಕೃಷಿ, ಆರೋಗ್ಯ, ಮಕ್ಕಳ ಪಾಠ, ಅದೂ ಅಲ್ಲಲ್ಲಿಯ ಭಾಷೆಯಲ್ಲಿ. ತಂತಿ ಬಲೆಯ ದೊಡ್ಡ ಡಿಶ್, ಊರಿಗೆಲ್ಲ ಒಂದೇ ಟಿವಿ. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. ಆಮೇಲೆ ಕಲಬುರಗಿಗೆ ಅದರದ್ದೇ ಟ್ರಾನ್ಸ್‌ಮಿಟರ್ ಬಂತು.

ಅಂದರೆ ನಮ್ಮ ಕಡೆಯವರು ಉಪಗ್ರಹದಿಂದ ಟವರಿಗೆ ಬಂದು, ಈಗ ಟವರಿನಿಂದ ಮತ್ತೆ ಉಪಗ್ರಹಕ್ಕೆ ಹೋಗಿದ್ದೇವೆ. ಇದನ್ನು ಪ್ರಗತಿ ಅನ್ನಬೇಕೋ, ಪ್ರದಕ್ಷಿಣೆ ಅನ್ನಬೇಕೋ ನೀವೇ ಹೇಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ಅನಲಾಗ್ ಅಭಿಮಾನಿ ಅಲ್ಲ. ಚಿಕ್ಕಂದಿನಲ್ಲಿ ಕಾಕಾ ಮಾಳಿಗೆ ಹತ್ತಿ ಆಂಟೆನಾ ತಿರುಗಿಸೋದು, ಕೆಳಗಿನಿಂದ ನಾವು "ಕಾಕಾ, ಗ್ರೇನ್ಸ್ ಬರ್ಲಕತ್ತದ, ಇನ್ನಾ ಸ್ವಲ್ಪ ಹೊಳ್ಳಸು" ಅಂತ ಕೂಗೋದು, ಇದೆಲ್ಲ ನೆನಪಿಗೆ ಚೆನ್ನ, ನೋಡೋಕಲ್ಲ. ಇಂಜಿನಿಯರ್ ಆಗಿ ನೋಡಿದರೆ ಅನಲಾಗ್ ಒಂದು ದುಂದುವೆಚ್ಚ. ಒಂದು ಚಾನೆಲ್‌ಗೆ 7-8 ಮೆಗಾಹರ್ಟ್ಝ್ ಬೇಕು. ಅದೇ 8 ಮೆಗಾಹರ್ಟ್ಝ್‌ನಲ್ಲಿ ಡಿಜಿಟಲ್ ಮಾಡಿ, ಕಂಪ್ರೆಸ್ ಮಾಡಿ ಕಳಿಸಿದರೆ ಸಾಧಾರಣ ಗುಣಮಟ್ಟದ ಸುಮಾರು ಹತ್ತು ಚಾನೆಲ್ ಹಿಡಿಸಬಹುದು. ಸಿಗ್ನಲ್ ಕಡಿಮೆಯಾದಾಗ ಅನಲಾಗ್ ನಿಧಾನಕ್ಕೆ ಮಸುಕಾಗುತ್ತೆ, ಡಿಜಿಟಲ್ ಒಂದು ಹಂತದವರೆಗೆ ಚೊಕ್ಕಟವಾಗಿದ್ದು ಆಮೇಲೆ ಪಟ್ಟನೆ ಹೋಗುತ್ತೆ. ಅದೊಂದು ತೊಂದರೆ ಬಿಟ್ಟರೆ ಡಿಜಿಟಲ್ಲೇ ಮೇಲು.

ಹಾಗಾಗಿ ನನ್ನ ತಕರಾರು ಅನಲಾಗ್ ಮುಚ್ಚಿದ್ದಕ್ಕಲ್ಲ. ಬೇರೆ ದೇಶಗಳಲ್ಲಿ ಟವರ್ ಡಿಜಿಟಲ್ ಆಯಿತು. ನಮ್ಮಲ್ಲಿ ಟವರ್ ಪ್ರಸಾರವೇ ಇಲ್ಲವಾಯಿತು. ವ್ಯತ್ಯಾಸ ಇರೋದು ಇಲ್ಲಿ.

ಬರ್ಲಿನ್ ನೋಡಿ. 2003ರ ಆಗಸ್ಟ್‌ನಲ್ಲಿ ಅನಲಾಗ್ ನಿಲ್ಲಿಸಿದ ಮೊದಲ ಪ್ರದೇಶ ಅದು. ಅದೇ ಗಾಳಿಯಲ್ಲಿ 20ಕ್ಕೂ ಹೆಚ್ಚು ಡಿಜಿಟಲ್ ಚಾನೆಲ್ ಬಂದವು, ಬಡ ಕುಟುಂಬಗಳಿಗೆ ಸೆಟ್‌ಟಾಪ್ ಬಾಕ್ಸ್‌ಗೆ ನೆರವು ಸಿಕ್ಕಿತು. ಅಮೆರಿಕದಲ್ಲಿ ಪ್ರತಿ ಮನೆಗೆ 40 ಡಾಲರ್‌ನ ಎರಡು ಕೂಪನ್ ಕೊಡ್ತೀವಿ ಅಂದರು. ಕೂಪನ್ ಸಾಲದೆ ಜನ ಕಾಯಬೇಕಾಗಿ ಬಂದಾಗ 2009ರ ಫೆಬ್ರವರಿ 17ರ ಗಡುವನ್ನೇ ಜೂನ್ 12ಕ್ಕೆ ಮುಂದೂಡಿದರು. ಮುಖ್ಯವಾದ ವಿಷಯ ಅಂದರೆ, ಅಲ್ಲಿ ಊರೂರಿನ ಸ್ಟೇಷನ್‌ಗಳು ಉಳಿದವು, ಒಂದಿದ್ದ ಕಡೆ ಎರಡು ಮೂರು ಉಪಚಾನೆಲ್‌ಗಳಾದವು. ಜಪಾನ್ 2011ರ ಜುಲೈ 24ರಂದು ಬದಲಾಯಿತು, ಆದರೆ ಭೂಕಂಪ, ಸುನಾಮಿಯಲ್ಲಿ ನೊಂದಿದ್ದ ಇವಾತೆ, ಮಿಯಾಗಿ, ಫುಕುಶಿಮಾಗಳಿಗೆ 2012ರ ಮಾರ್ಚ್‌ವರೆಗೆ ಸಮಯ ಕೊಟ್ಟಿತು. ನೋಡುಗ ಅನ್ನೋನು ಒಬ್ಬ ಇದ್ದಾನೆ ಅಂತ ಎಲ್ಲರೂ ಲೆಕ್ಕಕ್ಕೆ ಹಿಡಿದಿದ್ದರು.

ನಮ್ಮಲ್ಲಿ? ಗಡುವು, ಜಾಹೀರಾತು ಎಲ್ಲ ಇದ್ದದ್ದು ಕೇಬಲ್‌ಗೆ. ಬೆಂಗಳೂರು, ಮೈಸೂರಿನ ಕೇಬಲ್‌ಗೆ 2013ರ ಮಾರ್ಚ್ 31 ಕೊನೇ ದಿನ ಅಂತ ಇತ್ತು, ಬಾಕ್ಸ್‌ನ ದುಡ್ಡು ಗಿರಾಕಿಯದ್ದೇ. 2019ರಲ್ಲಿ ಹೊಸ ದರ ಬಂದಾಗ ಬರೀ ಉಚಿತ ಚಾನೆಲ್ ನೋಡೋಕೂ ತಿಂಗಳಿಗೆ 130 ರೂಪಾಯಿಯವರೆಗೆ, ಮೇಲೆ ತೆರಿಗೆ. ಟವರಿನ ವಿಷಯಕ್ಕೆ ಬಂದರೆ, 2016ರ ಫೆಬ್ರವರಿಯಲ್ಲಿ ದೂರದರ್ಶನ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಟವರ್ ಪ್ರಸಾರ ಶುರು ಮಾಡಿತ್ತು. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ... ಅದೇ ನಾನು ಹೇಳಿದ್ದು.

"ಡಿಡಿ ಫ್ರೀ ಡಿಶ್ ಇದೆಯಲ್ಲ ಮಾರಾಯ?" ಅಂತೀರಿ. ಇದೆ, ಒಳ್ಳೆಯದೇ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಯಿತು, ತಿಂಗಳ ಬಾಡಿಗೆ ಇಲ್ಲ. ಆದರೆ ಉಪಗ್ರಹಕ್ಕೆ ಜಿಲ್ಲೆ ಗೊತ್ತಿಲ್ಲ! ಅದರ ಸಿಗ್ನಲ್ ಕಾಶ್ಮೀರಕ್ಕೂ ಬೀಳುತ್ತೆ, ಕನ್ಯಾಕುಮಾರಿಗೂ ಬೀಳುತ್ತೆ. ಖಾಸಗಿ ಚಾನೆಲ್‌ಗಳಿಗೆ ಜಾಗ ಹರಾಜಿನಲ್ಲಿ ಸಿಗುತ್ತೆ. ಹತ್ತು ರಾಜ್ಯದ ಮಾರುಕಟ್ಟೆ ಇರೋ ಹಿಂದಿ ಚಾನೆಲ್‌ಗೆ ಅದು ಲಾಭ, ಒಂದೇ ರಾಜ್ಯದ ಕನ್ನಡ ಚಾನೆಲ್‌ಗೆ ಅಷ್ಟಕ್ಕಷ್ಟೆ. ಹಾಗಾಗಿ ಅಲ್ಲಿರುವ ಖಾಸಗಿ ಚಾನೆಲ್‌ಗಳಲ್ಲಿ ಬಹುಪಾಲು ಹಿಂದಿಯವು. ನಮಗೆ ಚಂದನ ಇದೆ, ಇಡೀ ಕರ್ನಾಟಕಕ್ಕೆ. ಬರೀ ಕಲಬುರಗಿಗೆ ಒಂದು ಚಾನೆಲ್, ಬರೀ ಕರಾವಳಿಗೆ ತುಳು-ಕೊಂಕಣಿಯ ಒಂದು ಚಾನೆಲ್ ಅಂದರೆ ಇಡೀ ದೇಶಕ್ಕೆ ಬೀಳುವ ಉಪಗ್ರಹದ ಜಾಗವನ್ನು ಯಾರು ಕೊಡುತ್ತಾರೆ? ಅದು ಟವರಿನ ಕೆಲಸ. ಟವರಿಗೆ ಒಂದು ಊರಿದೆ, ಸುತ್ತ ಐವತ್ತು ಅರವತ್ತು ಕಿಲೋಮೀಟರ್‌ನ ಜನ ಇದ್ದಾರೆ, ಅವರದೊಂದು ಮಾತಿನ ಧಾಟಿ ಇದೆ.

"ಯೂಟ್ಯೂಬ್ ಸಾಕಲ್ವಾ?" ಅನ್ನೋದು ಎರಡನೇ ಪ್ರಶ್ನೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ಹಳ್ಳಿಗಳು ಮುಳುಗಿದ್ದು ನೆನಪಿದೆಯಾ? ಅಂಥ ದಿನ ಎಲ್ಲರೂ ಒಟ್ಟಿಗೆ ಫೋನ್ ಹಿಡಿದರೆ ನೆಟ್‌ವರ್ಕ್ ಉಸಿರು ಬಿಡುತ್ತೆ. ಪ್ರಸಾರದಲ್ಲಿ ಹಾಗಾಗಲ್ಲ. ಒಬ್ಬ ನೋಡಿದರೂ ಒಂದು ಲಕ್ಷ ಜನ ನೋಡಿದರೂ ಟವರಿಗೆ ಅದೇ ಭಾರ. ರೇಡಿಯೋ ಇದೆ, ಆಕಾಶವಾಣಿ ಕಲಬುರಗಿಗೆ ನಮಸ್ಕಾರ. ಆದರೆ ಯಾವ ರಸ್ತೆ ಮುಳುಗಿದೆ, ಗಂಜಿ ಕೇಂದ್ರ ಎಲ್ಲಿದೆ ಅಂತ ನಕ್ಷೆ ತೋರಿಸೋಕೆ ರೇಡಿಯೋಗೆ ಆಗಲ್ಲ.

ಆ ಟವರ್‌ಗಳನ್ನು ಯಾರೂ ನೋಡುತ್ತಿರಲಿಲ್ಲ ಅನ್ನೋ ವಾದವನ್ನು ಮಾತ್ರ ನಾನು ಒಪ್ಪುತ್ತೇನೆ. ಎಲ್ಲರೂ ಕೇಬಲ್‌ಗೆ, ಡಿಟಿಎಚ್‌ಗೆ ಹೋಗಿದ್ದರು. ಆದರೆ ಒಂದೆರಡು ಚಾನೆಲ್ ಮಾತ್ರ ಕೊಟ್ಟರೆ ಯಾರು ನೋಡ್ತಾರೆ ಹೇಳಿ? ಹತ್ತು ಚಾನೆಲ್, ಅದರಲ್ಲಿ ಒಂದು ನಮ್ಮೂರಿನದ್ದು ಅಂತ ಕೊಟ್ಟು ನೋಡಬೇಕಿತ್ತು. ಇನ್ನು ಸ್ಪೆಕ್ಟ್ರಂ... ಅಮೆರಿಕ ಟಿವಿಯಿಂದ ಬಿಡಿಸಿಕೊಂಡ 700 ಮೆಗಾಹರ್ಟ್ಝ್ ಬ್ಯಾಂಡನ್ನು 2008ರಲ್ಲಿ ಸುಮಾರು 1900 ಕೋಟಿ ಡಾಲರ್‌ಗೆ ಮಾರಿತು. ನಮ್ಮಲ್ಲಿ 2022ರ 5ಜಿ ಹರಾಜಿನಲ್ಲಿ, ಟಿವಿಯ ಕಡೆಯದೇ ಆದ 600 ಮೆಗಾಹರ್ಟ್ಝ್ ಬ್ಯಾಂಡಿಗೆ ಒಂದೂ ಬಿಡ್ ಬರಲಿಲ್ಲ.

ಹೋಗಲಿ ಬಿಡಿ, ಆಗಿದ್ದು ಆಯಿತು ಅನ್ನೋಣ ಅಂದರೆ ಕಥೆ ಮುಗಿದಿಲ್ಲ. ಈಗ 'ಡೈರೆಕ್ಟ್ ಟು ಮೊಬೈಲ್' ಅನ್ನೋ ಹೊಸ ಮಾತು ಬಂದಿದೆ. ಇಂಟರ್‌ನೆಟ್ ಇಲ್ಲದೆ, ಸಿಮ್ ಇಲ್ಲದೆ ಟವರಿನಿಂದ ನೇರ ಫೋನಿಗೆ ಟಿವಿ. ಇದರ ಹಿಂದೆ ಐಐಟಿ ಕಾನ್ಪುರದ ಜೊತೆ ನಮ್ಮ ಬೆಂಗಳೂರಿನದೇ ಸಾಂಖ್ಯ ಲ್ಯಾಬ್ಸ್ ಇದೆ. 2023ರಲ್ಲಿ ಬೆಂಗಳೂರು, ನೋಯ್ಡಾ ಮತ್ತು ದೆಹಲಿಯ ಕರ್ತವ್ಯ ಪಥದಲ್ಲಿ ಪ್ರಯೋಗ ನಡೆಯಿತು. 19 ನಗರಗಳಲ್ಲಿ ಮುಂದಿನ ಪ್ರಯೋಗ, ಅದಕ್ಕೆ 470ರಿಂದ 582 ಮೆಗಾಹರ್ಟ್ಝ್ ಮೀಸಲು ಅನ್ನೋ ಮಾತು 2024ರ ಜನವರಿಯಲ್ಲಿ ಸರ್ಕಾರದಿಂದಲೇ ಬಂತು. ಅಂದರೆ ಮತ್ತೆ ಟವರ್, ಮತ್ತೆ ಅದೇ ಟಿವಿಯ ಗಾಳಿ!

ಈ ಸಲ ನಾವು ಕನ್ನಡಿಗರು ಮುಂಚೆಯೇ ಕೇಳಬೇಕು ಅನ್ನೋದು ನನ್ನ ವಾದ. ಒಂದೊಂದು ಟವರಿನಿಂದ ಹೋಗುವ ಹತ್ತು ಹನ್ನೆರಡು ಚಾನೆಲ್‌ಗಳಲ್ಲಿ ಒಂದು ಆ ಊರಿನದ್ದೇ ಆಗಿರಬೇಕು ಅಂತ ನಿಯಮದಲ್ಲೇ ಬರೆದುಬಿಡಲಿ. ಕಲಬುರಗಿಯಲ್ಲಿ ಕಾರ್ಯಕ್ರಮ ಮಾಡೋ ಕೇಂದ್ರ ಹೇಗೂ ಇದೆ, ಅದರ ಪಕ್ಕದ ಟವರಿನಿಂದ ಅದನ್ನು ಕಳಿಸೋಕೆ ಏನು ಕಷ್ಟ? ಹಾಗೆ ಬರೆಯದಿದ್ದರೆ ದೆಹಲಿ, ಮುಂಬೈಯ ಅದೇ ಹತ್ತು ಚಾನೆಲ್ ನಮ್ಮ ಜೇಬಿಗೂ ಬರುತ್ತವೆ, ಅಷ್ಟೇ.

ನಿಮ್ಮೂರಿನ ಟವರಿನಿಂದ ಒಂದು ಚಾನೆಲ್ ಬರುತ್ತೆ ಅಂದರೆ ಅದರಲ್ಲಿ ಏನಿರಬೇಕು? ಎಪಿಎಂಸಿ ದರವಾ, ದೊಡ್ಡಾಟವಾ, ತಾಲ್ಲೂಕು ಪಂಚಾಯ್ತಿ ಸಭೆಯಾ? ಕಾಮೆಂಟಿನಲ್ಲಿ ಹೇಳಿ. ಸೇಡಂ, ಸುಳ್ಯ, ಶಿರಸಿ ಕಡೆಯವರು ಮೊದಲು :)